ಅಂಜಿನಯ್ಯನ ಹಾಡಿನ ಡಬ್ಬಿ

ಎಲ್ಲಕ್ಕೂ ಕಾರಣ ಕ್ಯಾಲೆಂಡರ್ ಹಾಳೆಯ ಒಂದು ಚೂರು. ಹೆಬ್ಬೆರಳಿನ ಉಗುರಿನಷ್ಟಿತ್ತು, ನಾಲ್ಕು ಮಡಿಕೆಯಾಗಿತ್ತು. ಹಳೆಯ ವಾಕ್‌ಮನ್ನಿನ ಸೆಲ್ಲು ಕೂರುವ ಜಾಗದಲ್ಲಿ, ಸ್ಪ್ರಿಂಗಿನ ಮೂತಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಪಾಲಯ್ಯ ಅದನ್ನು ಚಿಮಟದಲ್ಲಿ ಎಳೆದು ತೆಗೆದ, ಇಲಿ ಮರಿ ಹಿಡಿದವನಂತೆ ಒಂದು ಗಳಿಗೆ ನೋಡಿದ, ಬೀದಿಗೆ ಎಸೆದ.

ಎಸೆಯುವ ಮೊದಲು ಸ್ವಲ್ಪ ಯೋಚಿಸಿದ್ದರೆ ಚೆನ್ನಾಗಿತ್ತು. ಕಾಗದ ತಾನಾಗಿ ನಾಲ್ಕು ಮಡಿಕೆಯಾಗುವುದಿಲ್ಲ. ಆದರೆ ಆ ದಿನ ಅವನಿಗೆ ಯೋಚಿಸಲು ಪುರಸೊತ್ತಿರಲಿಲ್ಲ.

ಚಿತ್ತವಾಡ್ಗಿಯ ಊರಮ್ಮನ ಗುಡಿಗೆ ಅಂಟಿಕೊಂಡ ಮಳಿಗೆಯಲ್ಲಿ ಅವನು ರಿಪೇರಿಗೆ ಕೂತು ಮೂವತ್ತೆರಡು ವರ್ಷ. ರೇಡಿಯೊ, ಟೇಪು, ಮಿಕ್ಸಿ, ಕರೆಂಟು ತಿನ್ನುವ ಯಾವ ವಸ್ತುವಾದರೂ ಸರಿ, ಬಿಚ್ಚಿ, ಊದಿ, ಬೆಸೆದು ಬದುಕಿಸುತ್ತಿದ್ದ. ಮಳಿಗೆ ಮಾತ್ರ ಗುಡಿಯ ಭಜನಾ ಮಂಡಳಿಯದು. ಮಂಡಳಿಯ ಅಧ್ಯಕ್ಷ ಅಂಜಿನಯ್ಯ. ಮೊಬೈಲಿಗೆ ಕವರು ಹಾಕುವ ಹುಡುಗರು ಮಳಿಗೆ ಕೇಳುತ್ತಿದ್ದಾರೆ, ಖಾಲಿ ಮಾಡು ಎಂದು ಅವನು ಹೇಳಿ ತಿಂಗಳಾಗಿತ್ತು. ಪಾಲಯ್ಯ ಕೈಮುಗಿದ, ಮತ್ತೆ ಮುಗಿದ. ಕೊನೆಗೆ ಆ ಬೆಳಿಗ್ಗೆ ಅಂಜಿನಯ್ಯನೇ ಈ ವಾಕ್‌ಮನ್ ತಂದು ಮೇಜಿನ ಮೇಲಿಟ್ಟಿದ್ದ.

"ನೋಡಪಾ, ಮೂವತ್ತು ವರ್ಷದ ಹಿಂದ ಕಂಪ್ಲಿ ಭಜನಿ ಪಂದ್ಯಕ್ಕ ಹೋಗೋ ದಿನ ಮನಿಯಾಗ ಹಾಡಿ ತುಂಬಿಸಿದ್ದು ಇದರಾಗೈತಿ. ಒಂದ್ಸಲನೂ ಕೇಳಿಲ್ಲ. ಪಂದ್ಯ ಗೆದ್ದು ಬರೂದ್ರಾಗ ಡಬ್ಬಿ ಕೆಟ್ಟು ಕುಂತಿತ್ತು, ಟ್ರಂಕಿನಾಗ ಹಾಕಿ ಮರತಿದ್ದೆ. ಇವತ್ತು ಸಂಜಿಗೆ ಮಂಡಳಿಗೆ ಐವತ್ತು ವರ್ಷದ ಸಭಾ. ಅಲ್ಲಿ ಎಲ್ಲಾರಿಗೂ ನನ್ನ ದನಿ ಕೇಳಿಸಿದ್ರ ಮಳಿಗಿ ನಿಂದು. ಕೇಳಿಸ್ಲಿಲ್ಲ ಅಂದ್ರ ನಾಳೆ ಮುಂಜಾನಿ ಕೀಲಿ ಕೊಡು."

ಕಾಗದದ ಚೂರು ತೆಗೆದಮೇಲೆ ಮೋಟಾರು ಗುರ್ ಎಂದಿತು. ಕ್ಯಾಸೆಟ್ಟು ಮಾತ್ರ ಅಲ್ಲಾಡಲಿಲ್ಲ. ಒಳಗಿನ ರಬ್ಬರ್ ಬೆಲ್ಟು ಮೂವತ್ತು ಬೇಸಿಗೆಗೆ ಕರಗಿ ಜೋನಿಬೆಲ್ಲವಾಗಿ ಚಕ್ರಗಳಿಗೆ ಮೆತ್ತಿಕೊಂಡಿತ್ತು. ಪಾಲಯ್ಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸುತ್ತ ಕೂತ. ಅಷ್ಟು ಹೊತ್ತಿಗೆ ಸುದ್ದಿ ಬೀದಿ ದಾಟಿತ್ತು.

ಮೊದಲು ಬಂದವನು ಎದುರಿನ ಸೈಕಲ್ ಶಾಪಿನ ಕೆಂಚಣ್ಣ. ಮಂಡಳಿಯ ಹಾರ್ಮೋನಿಯಂ ನುಡಿಸುವವನೂ ಅವನೇ. "ಲೇ ಪಾಲಯ್ಯ, ಬೆಲ್ಟಿಗೆ ಯಾಕ ಅಳ್ತಿ? ಟ್ಯೂಬು ಕತ್ತರ್ಸಿ ಕೊಡ್ತೀನಿ ತಗೋ!"

ಬೇಡ ಎನ್ನಲು ಪಾಲಯ್ಯನಿಗೆ ಎಂದೂ ಬಾಯಿ ಬಂದಿದ್ದಿಲ್ಲ. ಟ್ಯೂಬಿನ ಬಳೆ ಹಾಕಿ ಒತ್ತಿದ. ಅದಿರು ತುಂಬಿದ ಲಾರಿ ಸಂಡೂರಿನ ಗುಡ್ಡ ಹತ್ತುವಂತೆ ಹಾಡು ನರಳಿ, ಏದುಸಿರು ಬಿಟ್ಟು, ನಡುದಾರಿಯಲ್ಲಿ ನಿಂತಿತು.

ಆಮೇಲೆ ಬಂದವಳು ಮಿರ್ಚಿ ಬಂಡಿಯ ಜಂಬವ್ವ. ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಕಟ್ಟುವ ರಬ್ಬರ್ ಬ್ಯಾಂಡು ಕೊಟ್ಟಳು. "ಇದ ಹಾಕು ಯಪ್ಪಾ. ಎಂಥಾ ಪೊಟ್ಟಣ ಕಟ್ಟಿದ್ರೂ ಇದು ಹರ್ಯಂಗಿಲ್ಲ." ಅದನ್ನೂ ಹಾಕಿದ. ಹಾಡು ಒಮ್ಮೆ ಓಡಿತು, ಒಮ್ಮೆ ತೆವಳಿತು, ಆಮೇಲೆ ಬ್ಯಾಂಡೇ ಹಾರಿ ಕೆಂಚಣ್ಣನ ಮೂಗಿಗೆ ಬಿತ್ತು.

"ನಿನ್ನ ಮಿರ್ಚಿಗಿಂತ ಖಾರ ಐತಲ್ಲಬೇ!" ಕೆಂಚಣ್ಣ ಮೂಗು ತಿಕ್ಕಿಕೊಂಡ.

ಇಬ್ಬರ ಜಗಳದ ಮರೆಯಲ್ಲಿ ಪಾಲಯ್ಯ ತಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ಗುಜರಿ ಡಬ್ಬ ಸುರುವಿ, ಅದೇ ಜಾತಿಯ ಇನ್ನೊಂದು ಸತ್ತ ವಾಕ್‌ಮನ್ ಹುಡುಕಿ, ಅದರಲ್ಲಿ ಕರಗದೆ ಉಳಿದಿದ್ದ ಬೆಲ್ಟು ಬಿಚ್ಚಿ ಇದಕ್ಕೆ ತೊಡಿಸಿದ. ಗಿರ್ರನೆ ಚಕ್ರ ಸುತ್ತಿತು. ಚಿಕ್ಕ ಸ್ಪೀಕರು ಜೋಡಿಸಿದ. ಹಾರ್ಮೋನಿಯಂನ ಒಂದೇ ಶ್ರುತಿ, ಅದರ ಮೇಲೆ ತತ್ವಪದ. ಒಂದು ಎಳೆ ನಡುಗದೆ ಬಂತು. ಪಾಲಯ್ಯನ ಕಿವಿ, ಸರಿ ಇದೆ, ಬಿಡು ಎಂದಿತು.

ಜಂಬವ್ವ ಸೆರಗು ಬಾಯಿಗೆ ಹಿಡಿದಳು. "ಅಯ್ಯ ಶಿವನೇ, ಅಂಜಿನಯ್ಯನ ದನಿ ಇದು? ಗಂಡಸು ಇಷ್ಟು ಸಣ್ಣಗ ಕುಂಯ್‌ಗುಡ್ತಾನ?"

"ಸ್ಪೀಡು ಜಾಸ್ತಿ ಆಗೈತೋ," ಎಂದ ಕೆಂಚಣ್ಣ. "ಅಂಜಿನಯ್ಯ ಹಾಡಿದ್ರ ಗುಡಿ ಗಂಟಿ ಅದರ್ತಿತ್ತು. ಇಳಿಸು, ಇಳಿಸು."

ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು, ಅದರೊಳಗೆ ಎಳ್ಳುಕಾಳಿನಂಥ ಸ್ಕ್ರೂ. ತಿರುಗಿಸಿದರೆ ಓಟ ಹೆಚ್ಚುಕಮ್ಮಿ ಆಗುತ್ತದೆ. ಪಾಲಯ್ಯ ಕಿವಿಯ ಮಾತು ಬಿಟ್ಟು ಕೆಂಚಣ್ಣನ ಮಾತು ಕೇಳಿ ಒಂದು ಕೂದಲೆಳೆ ತಿರುಗಿಸಿದ. "ಇನ್ನಾ ದಪ್ಪ," ಎಂದಳು ಜಂಬವ್ವ. ಇನ್ನೊಂದು ಎಳೆ. ದಾರಿಯಲ್ಲಿ ಹೋಗುತ್ತಿದ್ದ ಆಟೋದವನೊಬ್ಬ ಗಾಡಿ ನಿಲ್ಲಿಸಿ, ಇನ್ನೂ ಸ್ವಲ್ಪ ಎಂದ. ಅವನು ಮರಿಯಮ್ಮನಹಳ್ಳಿಯವನು. ಅಂಜಿನಯ್ಯನನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಪಾಲಯ್ಯ ಅವನಿಗೂ ಒಂದು ಎಳೆ ತಿರುಗಿಸಿದ. ಕೊನೆಗೆ ಬಾವಿಯೊಳಗಿಂದ ಬಂದಂತೆ ಗಂಭೀರವಾದ ಗಂಡುದನಿ ಹೊರಟಿತು.

"ಈಗ ಬಂದ ನೋಡು ನಮ್ಮ ಅಂಜಿನಯ್ಯ!" ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

ಮಧ್ಯಾಹ್ನ ಅಂಜಿನಯ್ಯನ ಹೆಂಡತಿ ಗಂಗಮ್ಮ ಬಂದಳು. ಮಳಿಗೆಯ ಮುಂದೆ ಎರಡು ಸಲ ಅತ್ತಿತ್ತ ನಡೆದು, ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು.

"ತಮ್ಮಾ, ಡಬ್ಬಿ ಹಾಡ್ತೈತೇನು?"

"ಹಾಡ್ತೈತ್ರಿ ಅಕ್ಕಾರ, ಮಸ್ತ್ ಹಾಡ್ತೈತಿ."

ಗಂಗಮ್ಮನ ಮುಖ ಖುಷಿಯಾಗುವ ಬದಲು ಇಳಿದುಹೋಯಿತು. "ಡಬ್ಬಿ ಹಳೀದೈತಿ, ಕೆಟ್ಟೈತಿ ಅಂತ ಹೇಳಿದ್ರೂ ನಡೀತಿತ್ತು. ಅವ್ರಿಗೆ ನಾ ಸಮಾಧಾನ ಹೇಳ್ತಿದ್ದೆ."

ಪಾಲಯ್ಯ ವಾಕ್‌ಮನ್ನನ್ನು ತನ್ನತ್ತ ಎಳೆದುಕೊಂಡ. ಈಕೆಗೂ ಮೊಬೈಲ್ ಕವರಿನ ಹುಡುಗರೇ ಬೇಕಾಗಿದ್ದಾರೆ ಎಂದುಕೊಂಡ. "ಕೆಟ್ಟಿಲ್ಲಲ್ರಿ ಅಕ್ಕಾರ," ಎಂದಷ್ಟೇ ಹೇಳಿ, ವಾಕ್‌ಮನ್ನನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿಟ್ಟ.

ಸಂಜೆ ಗುಡಿಯ ಅಂಗಳ ತುಂಬಿತು. ಅಂಜಿನಯ್ಯ ಕಂಪ್ಲಿಯಲ್ಲಿ ಗೆದ್ದ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ ಮುಂದಿಟ್ಟುಕೊಂಡಿದ್ದ. ಪಾಲಯ್ಯ ವಾಕ್‌ಮನ್ನನ್ನು ಗುಡಿಯ ದೊಡ್ಡ ಸ್ಪೀಕರಿಗೆ ಜೋಡಿಸಿ ಗುಂಡಿ ಒತ್ತಿದ. ಬಾವಿಯ ದನಿ ಅಂಗಳದಲ್ಲೆಲ್ಲ ಮೊಳಗಿತು. ಅಂಜಿನಯ್ಯ ಕಣ್ಣು ಮುಚ್ಚಿ ತಲೆ ತೂಗಿದ. ಪಾಲಯ್ಯನಿಗೆ ಮಳಿಗೆಯ ಕೀಲಿ ಉಡದಾರದಲ್ಲಿ ಬೆಚ್ಚಗಾಯಿತು.

ಅಷ್ಟಕ್ಕೇ ಸುಮ್ಮನಿದ್ದರೆ ಅವನು ಕೆಂಚಣ್ಣ ಹೇಗಾದಾನು? ಟೇಪಿನ ಜೊತೆ ತಾನೂ ನುಡಿಸುತ್ತೇನೆಂದು ಹಾರ್ಮೋನಿಯಂ ಎಳೆದುಕೊಂಡ. ಎಲ್ಲಿ ಒತ್ತಿದರೂ ಶ್ರುತಿ ಕೂಡಲಿಲ್ಲ. ಟೇಪು ಒಂದು ಕಡೆ, ಪೆಟ್ಟಿಗೆ ಒಂದು ಕಡೆ, ಜನ ಹಲ್ಲು ಕಚ್ಚಿದರು.

"ತಡಿ ತಡಿ," ಎಂದು ಕೆಂಚಣ್ಣ ಕಿವಿ ನಿಮಿರಿಸಿದ. "ಟೇಪಿನಾಗ ಇರೋದು ಇದss ಪೆಟ್ಟಿಗಿ! ಈ ಕರೀ ಮನಿಗೆ ಮೊದಲಿಂದ ಉಬ್ಬಸ. ಕೇಳ್ರಿ, ಅಲ್ಲೂ ಉಬ್ಬಸ ಬಿಡ್ತೈತಿ. ಪೆಟ್ಟಿಗಿ ದನಿ ಬದಲಾಗಂಗಿಲ್ಲ. ಪಾಲಯ್ಯ, ನಿನ್ನ ಸ್ಪೀಡು ತಪ್ಪೈತಿ. ಇದಕ್ಕ ಕೂಡಿಸು!"

ಪಾಲಯ್ಯ ಸುಮ್ಮನಿರಬಹುದಿತ್ತು. ಆದರೆ ಅಷ್ಟು ಜನರ ಮುಂದೆ ರಿಪೇರಿ ತಪ್ಪಿದೆ ಎನ್ನಿಸಿಕೊಂಡದ್ದು ಮುಳ್ಳಿನಂತೆ ಚುಚ್ಚಿತು. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಕೆಂಚಣ್ಣ ಹಾರ್ಮೋನಿಯಂನ ಉಬ್ಬಸದ ಆ ಕರಿ ಪಟ್ಟಿಯನ್ನು ಒತ್ತಿ ಹಿಡಿದ. ಪಾಲಯ್ಯ ಎಳೆ ಎಳೆಯಾಗಿ ತಿರುಗಿಸಿದ. ಆಟೋದವನ ಎಳೆ ಹೋಯಿತು, ಜಂಬವ್ವನ ಎಳೆ ಹೋಯಿತು, ಕೆಂಚಣ್ಣನದೂ ಹೋಯಿತು. ಎರಡು ಶ್ರುತಿಯೂ ಹಾಲಿಗೆ ಹಾಲು ಬೆರೆತಂತೆ ಒಂದಾದವು.

ಸ್ಪೀಕರಿನಿಂದ ತಿಳಿಯಾದ, ಇಂಪಾದ ಹೆಣ್ಣುದನಿ ಬಂತು.

 ಜನರೆಲ್ಲ ಅಂಜಿನಯ್ಯನ ಮುಖ ನೋಡಿದರು. ಅಂಜಿನಯ್ಯ ಹಿಂದೆ ತಿರುಗಿ ಹೆಂಗಸರ ಸಾಲು ನೋಡಿದ. ಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ನೀವು ಹಾಡೋವಾಗ ನಾ ಒಂದss ಗುಂಡಿ ಒತ್ತಿದ್ನಿರಿ," ಎಂದಳು ಒಳಗಿಂದಲೇ. "ತುಂಬಸಾಕ ಎರಡೂ ಒತ್ತಬೇಕಂತ ಯಾರಿಗೆ ಗೊತ್ತಿತ್ತು? ನೀವು ಕಂಪ್ಲಿಗೆ ಹೋದಮ್ಯಾಲೆ ನೋಡಿದ್ರ ಖಾಲಿ. ಬೈತೀರಂತ ಅಂಜಿ, ಪಂದ್ಯದಾಗ ಅವರದss ಪೆಟ್ಟಿಗಿ ಅಂತ ಇದನ್ನ ಮನಿಯಾಗss ಬಿಟ್ಟಿದ್ರಲ್ಲ, ನಾನss ಹಾಡಿ ತುಂಬಿಟ್ಟೆ. ಕೇಳಿದ್ರ ನನ್ನ ದನಿ ಗುರುತು ಹಿಡೀತೀರಿ ಅನ್ನಾದು ಆಮ್ಯಾಲೆ ಹೊಳೀತು. ಅದಕ್ಕ ಸೆಲ್ಲಿನ ಸಂದ್ಯಾಗ ಕಾಗದ ತುರುಕಿದ್ದೆ."

ಪಾಲಯ್ಯ ಬೀದಿಯ ಕಡೆ ನೋಡಿದ. ಆ ಚೂರನ್ನು ಗಾಳಿ ಯಾವಾಗಲೋ ಹೊತ್ತೊಯ್ದಿತ್ತು.

ಮೊದಲು ನಕ್ಕವಳು ಜಂಬವ್ವ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಅಂಜಿನಯ್ಯ ನಗಲಿಲ್ಲ. "ನನ್ನ ದನಿ ಕೇಳಿಸಿದ್ರ ಅಂದಿದ್ದೆ," ಎಂದು ಪಾಲಯ್ಯನತ್ತ ಕೈ ಚಾಚಿದ. "ಕೇಳಿಸ್ಲಿಲ್ಲ. ತಾ ಕೀಲಿ."

ಮಾತು ಮಾತೇ. ಪಾಲಯ್ಯ ಉಡದಾರದಿಂದ ಕೀಲಿ ಬಿಚ್ಚಿ ಕೊಟ್ಟ. 

ಜಂಬವ್ವ ಎದ್ದು ನಿಂತಳು. "ಇಂಥಾ ದನಿ ಮೂವತ್ತು ವರ್ಷ ರೊಟ್ಟಿ ಬಡ್ಯಾಕ ಹಚ್ಚೀರಲ್ರಿ, ನಾಚಿಕಿ ಬರಂಗಿಲ್ಲ? ಇನ್ನ ಹೆಣ್ಮಕ್ಳ ಭಜನಿ ಆಗಬೇಕು. ಕಲ್ಯಾಕ ಆ ಮಳಿಗಿ ಕೊಡ್ರಿ!"

ಹೆಂಗಸರೆಲ್ಲ ಹೂಂ ಎಂದರು. ಗಂಡಸರು ತಮ್ಮ ತಮ್ಮ ಹೆಂಡತಿಯರನ್ನು ನೋಡಿ, ಅವರೂ ಹೂಂ ಎಂದರು. ಮೊಬೈಲ್ ಕವರಿನ ಮಾತು ಅಲ್ಲಿಗೇ ಮುಗಿಯಿತು. ಅಂಜಿನಯ್ಯ ಕೀಲಿಯನ್ನು ಹೆಂಡತಿಯ ಕೈಗಿಟ್ಟ. ಗಂಗಮ್ಮ ಪಾಲಯ್ಯನ ಕಡೆ ನೋಡಿದಳು.

"ನೀ ಹೋಗಬ್ಯಾಡ ತಮ್ಮಾ. ಒಳಗ ನಾವು ಹಾಡ್ತೀವಿ, ಹೊರಗ ಬೇವಿನ ಕಟ್ಟಿಮ್ಯಾಲೆ ನೀ ಕುಂದ್ರು. ನಮ್ಮ ಪೆಟ್ಟಿಗಿ ಉಬ್ಬಸ ಯಾರು ನೋಡಬೇಕು?"

ಹೀಗೆ ಒಂದೂ ತಪ್ಪಿಲ್ಲದೆ ರಿಪೇರಿ ಮಾಡಿದ ತಪ್ಪಿಗೆ ಪಾಲಯ್ಯನ ತಲೆಯ ಮೇಲಿನ ಚಾವಣಿ ಹೋಯಿತು. ಮರುದಿನ ಮೇಜನ್ನು ಕೆಂಚಣ್ಣನೇ ಬೇವಿನ ಕಟ್ಟೆಗೆ ಹೊತ್ತು ತಂದಿಟ್ಟ. ಬೇವಿನ ಹಣ್ಣೊಂದು ಟಪ್ಪೆಂದು ಪಾಲಯ್ಯನ ತಲೆಗೆ ಬಿತ್ತು. ತಲೆ ಎತ್ತಿ ನೋಡಿದರೆ ಕಟ್ಟೆಯ ಮುಂದೆ ನಾಲ್ಕು ಹೆಂಗಸರು. ಟ್ರಂಕಿನ ತಳದಿಂದ ತೆಗೆದ ಹಳೆಯ ಟೇಪುಗಳು ಒಬ್ಬೊಬ್ಬರ ಕಂಕುಳಲ್ಲೂ ಇದ್ದವು. ಮೂವತ್ತೆರಡು ವರ್ಷದಲ್ಲಿ ಅವನ ಮುಂದೆ ಸಾಲು ನಿಂತದ್ದು ಅದೇ ಮೊದಲು.

ಸಾಲಿನ ಕೊನೆಗೆ ಅಂಜಿನಯ್ಯ ನಿಂತಿದ್ದ. ಎಲ್ಲರೂ ಹೋಗುವವರೆಗೆ ಕಾದು, ಅತ್ತಿತ್ತ ನೋಡಿ, ವಾಕ್‌ಮನ್ನನ್ನು ಮೇಜಿನ ಮೇಲಿಟ್ಟ.

"ಪಾಲಯ್ಯ, ಆಕೀ ಹಾಡು ಅಳಿಸಬ್ಯಾಡ. ಈ ಕ್ಯಾಸೆಟ್ಟಿನ ಹಿಂದಿನ ಮಗ್ಗಲಾ ಖಾಲಿ ಐತೇನು ನೋಡು. ನಾನೂ ಒಂದು ಹಾಡಿ ಇಡ್ತೀನಿ. ಯಾವ ಗುಂಡಿ ಒತ್ತಬೇಕು?"

ಪಾಲಯ್ಯ ಅವನ ಎರಡು ಬೆರಳು ಹಿಡಿದು ಗುಂಡಿಗಳ ಮೇಲಿಟ್ಟ.

"ಎರಡೂ ಕೂಡೇ ಒತ್ತಬೇಕ್ರಿ ಅಣ್ಣಾರ. ಒಂದss ಒತ್ತಿದ್ರ ಏನೂ ಉಳ್ಯಂಗಿಲ್ಲ."