ಷಡ್ಡಕನ ಊರಿನಲ್ಲಿ ಗುಟ್ಟಿನ ರಜೆ

ನನಗೆ ಜಂಬ ಜಾಸ್ತಿ ಎಂದು ನನ್ನ ಹೆಂಡತಿ ಪದ್ಮ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ. ಜಂಬಪಡುವಂಥದ್ದು ಕೈಯಲ್ಲಿದ್ದೂ ಇಲ್ಲವೆಂದು ನಟಿಸುವುದು ನನಗೆ ಬಾರದ ವಿದ್ಯೆ. ಕೆಲವರಿಗೆ ಸಂಗೀತ ಒಲಿದಿರುತ್ತದೆ, ಕೆಲವರಿಗೆ ಷೇರುಪೇಟೆ. ನನಗೆ ಒಲಿದಿರುವುದು ರಜೆಯ ಪ್ರವಾಸ. ಯಾವ ರೈಲು, ಯಾವ ಬದಿಯ ಕಿಟಕಿ, ಚೀಲದ ತಳಕ್ಕೆ ಏನು, ಮೇಲಕ್ಕೆ ಏನು, ಹಸಿವಾಗುವುದಕ್ಕೆ ಎಷ್ಟು ಹೊತ್ತು ಮೊದಲು ಬುತ್ತಿ ಬಿಚ್ಚಬೇಕು, ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿದೆ. ವಿಶಾಖಪಟ್ಟಣದ ಹತ್ತಿರ ಪರವಾಡದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಮಾತ್ರೆಯ ಬಣ್ಣ ಒಂದಿಷ್ಟು ಮಾಸಿದ್ದರೂ ಇಡೀ ಬ್ಯಾಚನ್ನು ತಡೆದು ನಿಲ್ಲಿಸುವವನು ನಾನು. ಅಂಥವನು ರಜೆಯನ್ನು ಮಾತ್ರ ‘ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಬಿಟ್ಟುಬಿಡುವುದುಂಟೆ?

ವಿಶಾಖಪಟ್ಟಣದಲ್ಲಿ ಮನೆ ಮಾಡಿದವರಿಗೆ ನೆಂಟರ ಬರ ಇರುವುದಿಲ್ಲ. ಸಮುದ್ರ ಇದೆಯಲ್ಲ! ತುಮಕೂರಿನ ಕಡೆಯಿಂದ ಬರುವ ನಮ್ಮವರಿಗೆಲ್ಲ ನನ್ನದೇ ಕಾರ್ಯಕ್ರಮ. ಬಿಸಿಲು ಏರುವ ಮೊದಲು ಋಷಿಕೊಂಡದ ಮರಳು, ಶನಿವಾರ ಬಿಟ್ಟು ಬೇರೆ ದಿನ ಸಿಂಹಾಚಲಂ ಗುಡಿ, ಮಧ್ಯಾಹ್ನ ಕಡ್ಡಾಯ ನಿದ್ದೆ. ರೇಷ್ಮೆ ಸೀರೆ ಉಟ್ಟು ಸಮುದ್ರಸ್ನಾನಕ್ಕೆ ಹೊರಟಿದ್ದ ನಮ್ಮ ಸೋದರತ್ತೆಯನ್ನು ಬಾಗಿಲಲ್ಲೇ ತಡೆದು ಆ ಸೀರೆಯನ್ನು ಕಾಪಾಡಿದವನು ನಾನು. ಅತ್ತೆ ಅದನ್ನು ಈಗ ನೆನೆಸಿಕೊಳ್ಳುವುದಿಲ್ಲ; ಹೋಗಲಿ. ಉಪಕಾರ ಮಾಡಿದವರು ಅದನ್ನು ಆಡಿ ತೋರಿಸಬಾರದು, ಅದಕ್ಕೇ ನಾನು ವರ್ಷಕ್ಕೆ ಒಂದೆರಡು ಸಲವಷ್ಟೇ ಹೇಳುತ್ತೇನೆ.

ಬೇಸಿಗೆಯಲ್ಲಿ ಚಿಕ್ಕಪ್ಪನ ಮಗನೊಬ್ಬ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, ‘ವಿಜಯವಾಡಕ್ಕೆ ಹೋಗೋಣಾಂತ, ಎಲ್ಲಿ ಉಳಿಯೋದು?’ ಎಂದು ಕೇಳಿದ. ಇಂಥ ಪ್ರಶ್ನೆ ಬಂದರೆ ನನಗೆ ಕೈಕಾಲು ನಿಲ್ಲುವುದಿಲ್ಲ. ಕಂಪನಿ ಬಸ್ಸಿನಲ್ಲಿ ಕೂತು ಪರವಾಡ ಮುಟ್ಟುವವರೆಗೂ ಧ್ವನಿಸಂದೇಶ ಹೇಳುತ್ತಲೇ ಹೋದೆ. ದುರ್ಗಾದೇವಿಯ ಗುಡ್ಡದ ಬದಿಯಲ್ಲಿ ಉಳಿಯಬೇಡ, ಗದ್ದಲ. ಕೃಷ್ಣಾ ನದಿಯ ಆಚೆ ದಡಕ್ಕೆ ಹೋಗು. ಅಲ್ಲಿ ಕೆಳಗೆ ಮದುವೆ ಹಾಲ್ ಇರುವ ಒಂದು ಹೋಟೆಲಿದೆ, ನಮ್ಮ ಕಾರ್ಖಾನೆಯವರು ಉಳಿದು ಬಂದು ಹೇಳಿದ್ದಾರೆ. ಬೀಗರಿಗೆ ಬಡಿಸಿ ಅಭ್ಯಾಸವಿರುವ ಅಡುಗೆಯವರು ತಿಂಡಿಯಲ್ಲಿ ಮೋಸ ಮಾಡುವುದಿಲ್ಲ. ನದಿ ಕಾಣುವ ಕೋಣೆಯನ್ನೇ ಕೇಳು. ತಿಂಡಿಯ ಬಾಗಿಲು ತೆಗೆಯುತ್ತಿದ್ದಂತೆ ಹೋಗಿ ದೋಸೆಕಲ್ಲಿನ ಪಕ್ಕದ ಮೂಲೆ ಮೇಜು ಹಿಡಿ. ಎಲ್ಲಕ್ಕಿಂತ ಮುಖ್ಯ, ಫೋನ್ ಆಫ್ ಮಾಡು. ನೆಂಟರು ಕೇಳಿದರೆ ಬೇರೆ ಯಾವುದಾದರೂ ಊರಿನ ಹೆಸರು ಹೇಳು. ಇಷ್ಟೆಲ್ಲ ಕೇಳಿಸಿಕೊಂಡ ಆ ಮಹಾರಾಯ ಗೋವಾಕ್ಕೆ ಹೋದ. ಗುಂಪಿನಲ್ಲಿ ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ. ವಿಜಯವಾಡದ ಭಾವ ಮಾತ್ರ ಒಂದು ಹೆಬ್ಬೆಟ್ಟು ಒತ್ತಿದ್ದರು.

ಭಾವ ಎಂದರೆ ಪದ್ಮಳ ಅಕ್ಕ ಶಾರದಕ್ಕನ ಗಂಡ, ನನ್ನ ಷಡ್ಡಕ, ಪ್ರಸಾದರಾವ್. ಆಟೋನಗರದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅಚ್ಚ ತೆಲುಗರು. ಹೆಂಡತಿಯಿಂದ ಕಲಿತ ಕನ್ನಡದ ಬಾಲಕ್ಕೆ ಒಂದು ‘ಅಂಡಿ’ ಸೇರಿಸಿ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ಪ್ರತಿ ದಸರೆಗೂ ನಾವು ಅವರ ಮನೆಗೆ ಹೋಗುವುದು ಪದ್ಧತಿ. ಪದ್ಮ ಅದಕ್ಕಾಗಿ ವರ್ಷವಿಡೀ ಕಾಯುತ್ತಾಳೆ. ವಿಶಾಖಪಟ್ಟಣದಲ್ಲಿ ಅವಳಿಗೆ ಹಾಲು, ತರಕಾರಿ, ಪಕ್ಕದ ಮನೆ ಎಲ್ಲವೂ ತೆಲುಗಿನಲ್ಲೇ. ಹಾಸ್ಟೆಲಿನಲ್ಲಿರುವ ಮಗಳು ಫೋನಿನಲ್ಲಿ ‘ಅಮ್ಮಾ’ ಎಂದು ಕನ್ನಡದಲ್ಲಿ ಶುರುಮಾಡಿ ಎರಡನೆಯ ವಾಕ್ಯಕ್ಕೆ ತೆಲುಗಿಗೆ ಜಾರುತ್ತಾಳೆ. ಕನ್ನಡಕ್ಕೆ ಮನೆಯಲ್ಲಿ ಉಳಿದವನು ನಾನೊಬ್ಬ. ‘ನಿಮ್ಮ ಹತ್ರ ಮಾತಾಡೋಕೆ ಎಲ್ಲಿ ಆಗತ್ತೆ? ನಿಮ್ಮದನ್ನ ಕೇಳಿಸ್ಕೋಬೇಕು ಅಷ್ಟೆ’ ಎನ್ನುತ್ತಾಳೆ. ಅಕ್ಕನ ಮನೆಯಲ್ಲಿ ಅವರಿಬ್ಬರೂ ತುಮಕೂರಿನ ತವರುಮನೆ ಕಾಲದ ಹಳೆಯ ಜಗಳಗಳನ್ನೆಲ್ಲ ತೆಗೆದು ಹೊಟ್ಟೆ ತುಂಬ ಆಡಿಕೊಂಡು ಬರುತ್ತಾರೆ.

ನೆಂಟನಾಗಿ ನಾನು ಹೇಗೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಕಾಲ ಮೇಲೆ ಕಾಲು ಹಾಕಿ ಕೂತು ಕಾಫಿ ಕೇಳುವ ಜಾತಿ ನನ್ನದಲ್ಲ. ಹೋದ ಮನೆಗೆ ಉಪಯೋಗವಾಗಬೇಕು ಎಂಬುದು ನನ್ನ ಸಿದ್ಧಾಂತ. ಮನೆಯವರು ಏಳುವ ಮೊದಲೇ ಎದ್ದು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತೇನೆ. ಔಷಧದ ಪೆಟ್ಟಿಗೆ ತೆಗೆದು ಅವಧಿ ಮುಗಿದದ್ದನ್ನು ಬೇರ್ಪಡಿಸುತ್ತೇನೆ. ಹೋದ ದಸರೆಯಲ್ಲಿ ಶಾರದಕ್ಕನ ಆವಕಾಯಿ, ಗೋಂಗೂರ ಉಪ್ಪಿನಕಾಯಿ ಜಾಡಿಗಳಿಗೆಲ್ಲ ತೆರೆದ ದಿನ, ಮುಗಿಸಬೇಕಾದ ದಿನ ಬರೆದು ಚೀಟಿ ಅಂಟಿಸಿಕೊಟ್ಟೆ. ಅಕ್ಕ ಆ ಜಾಡಿಗಳನ್ನು ನೋಡುತ್ತಾ ಮಾತೇ ಹೊರಡದೆ ನಿಂತಿದ್ದರು. ಅಷ್ಟು ಸಂತೋಷವಾಗಿದೆ ಎಂದು ಪದ್ಮಳಿಗೆ ಹೇಳಿದೆ.

ಈ ಸಲ ದಸರೆ ಹತ್ತಿರ ಬರುತ್ತಿದ್ದಂತೆ ಅಕ್ಕನೇ ಫೋನ್ ಮಾಡಿದರು. ‘ಪದ್ದೂ, ಭಾವಂದು ಹರಕೆ ಇದೆ ಕಣೇ, ಶ್ರೀಶೈಲಕ್ಕೆ ಹೋಗ್ತಿದೀವಿ. ನೀವು ಬಂದು ಬೀಗ ನೋಡ್ಕೊಂಡು ಹೋಗೋ ಹಾಗಾಗಬಾರದಲ್ಲ.’ ಪದ್ಮಳ ಮುಖ ಬಾಡಿತು. ನನ್ನ ತಲೆಯಲ್ಲಿ ಮಾತ್ರ ದೀಪ ಹತ್ತಿತು. ಇಷ್ಟು ವರ್ಷ ಹೋದರೂ ನಾನು ಆ ಊರಿನಲ್ಲಿ ನೋಡಿದ್ದು ಊಟದ ಎಲೆಯನ್ನು, ಅದು ಬಿಟ್ಟರೆ ಭಾವನ ಸೋದರತ್ತೆ, ಸೋದರಮಾವ, ಚಿಕ್ಕಮ್ಮಂದಿರ ಮನೆಯ ಸೋಫಾಗಳನ್ನು. ನೆಂಟರಿಲ್ಲದ ವಿಜಯವಾಡ ಇನ್ನು ಯಾವ ಜನ್ಮಕ್ಕೆ ಸಿಕ್ಕೀತು? ನನ್ನ ಸಲಹೆಯನ್ನು ಚಿಕ್ಕಪ್ಪನ ಮಗ ಪಾಲಿಸದಿದ್ದರೆ ಬಿಡಲಿ, ನಾನೇ ಪಾಲಿಸಿ ತೋರಿಸುತ್ತೇನೆ ಎಂದುಕೊಂಡೆ.

‘ಅಕ್ಕನ ಊರಿಗೆ ಹೋಗಿ ಹೋಟ್ಲಲ್ಲಿ ಇಳ್ಕೊಳ್ಳೋದಾ?’ ಪದ್ಮ ಹೌಹಾರಿದಳು. ‘ಗೊತ್ತಾದ್ರೆ ಅವಳು ಈ ಜನ್ಮದಲ್ಲಿ ನನ್ನ ಮಾತಾಡಿಸ್ತಾಳೇನ್ರೀ? ಇರೋಳು ಒಬ್ಬಳು ಅಕ್ಕ.’

‘ಹೇಳಿದ್ರೆ ಪಕ್ಕದ ಮನೇಲಿ ಬೀಗದ ಕೈ ಕೊಟ್ಟು, ನಮ್ಮ ಮನೇಲೇ ಇರಿ ಅಂತಾರೆ. ಹರಕೆಗೆ ಹೋಗೋರಿಗೆ ಯಾಕೆ ತೊಂದರೆ? ಅರಕು ಬೆಟ್ಟಕ್ಕೆ ಹೋಗ್ತಿದೀವಿ ಅಂತ ಹೇಳು’ ಎಂದೆ. ಅವಳು ಮನಸ್ಸಿಲ್ಲದ ಮನಸ್ಸಿನಿಂದ ಅಕ್ಕನಿಗೆ ಫೋನ್ ಮಾಡಿ ಅರಕು ಎಂದು ಹೇಳಿದಳು. ಅಕ್ಕ, ‘ಹೋಗ್ಬನ್ನಿ, ಹೋಗ್ಬನ್ನಿ, ತುಂಬಾ ಒಳ್ಳೇದಾಯ್ತು’ ಎಂದು ಎರಡೆರಡು ಸಲ ಹರಸಿದರಂತೆ. ದೊಡ್ಡ ಮನಸ್ಸು ಎಂದುಕೊಂಡೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಹೇಳುವಂಥದ್ದು ಏನೂ ನಡೆಯದಿರುವುದೇ ಒಳ್ಳೆಯ ಪ್ರಯಾಣದ ಗುರುತು. ಕಿಟಕಿ ನೆರಳಿನ ಬದಿಗೇ ಸಿಕ್ಕಿತು. ಅನಕಾಪಲ್ಲಿ ದಾಟಿದ ಮೇಲೆ ಚಪಾತಿ, ಗೋದಾವರಿ ಕಾಣಿಸಿದಾಗ ಕೋಡುಬಳೆ. ವಿಜಯವಾಡದಲ್ಲಿ ಇಳಿಯುವ ಮುಂಚೆ ಇಬ್ಬರೂ ಮಾಸ್ಕ್ ಹಾಕಿಕೊಂಡೆವು. ಭಾವನ ಕಡೆಯವರು ಆ ಊರಿನ ಯಾವ ಬೀದಿಯಲ್ಲಿ ಬೇಕಾದರೂ ಎದುರಾಗಬಹುದು. ಹೋಟೆಲಿನಲ್ಲಿ ನದಿ ಕಾಣುವ ಕೋಣೆ ಸಿಕ್ಕಿತು. ಸಂಜೆ ನದಿಗೆ ಅಡ್ಡ ಕಟ್ಟಿದ ಬ್ಯಾರೇಜಿನ ಮೇಲೆ ದೀಪಗಳು ಹೊತ್ತಿಕೊಂಡವು, ಆಚೆ ದಡದ ಗುಡ್ಡದಲ್ಲಿ ದೇವಿಯ ಗುಡಿ ಬೆಳಗುತ್ತಿತ್ತು. ‘ಹೇಗಿದೆ?’ ಎಂದು ಹೆಮ್ಮೆಯಿಂದ ಕೇಳಿದೆ. ಪದ್ಮ ಬಾಲ್ಕನಿಯಲ್ಲಿ ನಿಂತು, ‘ಅಕ್ಕನ ಮನೆ ಆ ಕಡೆ ಬರತ್ತೆ ಅಲ್ವಾ? ನೀರಿನ ಟ್ಯಾಂಕ್ ಹಿಂದೆ’ ಎಂದಳು. ಕಣ್ಣು ಒದ್ದೆಯಾಗಿತ್ತು. ಇಷ್ಟು ಸೊಗಸಾಗಿ ಯೋಜಿಸಿದ ರಜೆಯಲ್ಲಿ ಅಳುವುದಕ್ಕೆ ಹೊತ್ತು ಎಲ್ಲಿಂದ ಸಿಕ್ಕಿತು ಎಂದು ನನಗೆ ಸ್ವಲ್ಪ ಕೋಪವೇ ಬಂತು. ಆಮೇಲೆ ಪಾಪ ಅನ್ನಿಸಿತು.

ಬೆಳಿಗ್ಗೆ ತಿಂಡಿಯ ಬಾಗಿಲು ತೆಗೆಯುತ್ತಿದ್ದಂತೆ ಕೆಳಗಿಳಿದೆವು. ನೋಡಿದರೆ ದೋಸೆಕಲ್ಲಿನ ಪಕ್ಕದ ಮೂಲೆ ಮೇಜು ಆಗಲೇ ಭರ್ತಿ! ಯಾರೋ ಒಬ್ಬ ಗಂಡಸು ಮುಖಕ್ಕೆ ಅಡ್ಡವಾಗಿ ತೆಲುಗು ಪೇಪರ್ ಹಿಡಿದು ಕೂತಿದ್ದ. ಎದುರಿಗೆ ಬೆನ್ನು ಹಾಕಿದ ಹೆಂಗಸು. ನನಗಿಂತ ಮೊದಲು ಆ ಮೇಜಿನ ಮರ್ಮ ತಿಳಿದವನು ಯಾವನಪ್ಪಾ ಎಂದು ಇಣುಕಿದೆ. ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಭಾವ! ಹೆಂಗಸು ತಿರುಗಿದರು. ಶಾರದಕ್ಕ! ಕೈಯಲ್ಲಿದ್ದ ಪೆಸರಟ್ಟು ದೋಸೆಯ ತುಂಡು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಮೊದಲು ಭಾವನೇ, ಮರ್ಯಾದಸ್ಥರು ನೋಡಿ, ‘ಶ್ರೀಕಂಠಗಾರು, ಅರಕುನಲ್ಲಿ ಚಳಿ ಹೇಗಿದೆ ಅಂಡಿ?’ ಎಂದರು.

‘ಚೆನ್ನಾಗಿದೆ ಭಾವ. ಶ್ರೀಶೈಲದಲ್ಲಿ ದರ್ಶನ ಆಯ್ತಾ?’ ಎಂದೆ.

‘ಪದ್ದೂ!’ ಅಕ್ಕ ಎದ್ದು ನಿಂತರು. ‘ನನ್ನೂರಿಗೆ ಬಂದು ಹೋಟ್ಲಲ್ಲಿ ಇಳ್ಕೊಂಡಿದೀಯೇನೇ? ನಾನೇನು ಸತ್ತುಹೋಗಿದ್ನಾ?’

ಪದ್ಮಳ ಮುಖ ಬಿಳಿಚಿತು. ಅವಳು ಹೆದರಿದ್ದೇ ಆಗಿಹೋಗಿತ್ತು. ಆದರೂ ಬಾಯಿ ತೆಗೆದಳು. ‘ನೀನು ಮಾಡಿದ್ದೇನು? ಹೊಳೆಯಾಚೆ ಸ್ವಂತ ಮನೆ ಇಟ್ಕೊಂಡು ನೀನ್ಯಾಕೆ ಇಲ್ಲಿದೀಯ? ನನ್ನ ಬರಬೇಡ ಅನ್ನೋಕೆ ದೇವರ ಹೆಸರು ಬೇಕಾಯ್ತಾ?’

ದೋಸೆ ಹುಯ್ಯುವವನು ಸೌಟು ನಿಲ್ಲಿಸಿ ನೋಡುತ್ತಿದ್ದ. ಕಾರ್ಖಾನೆಯಲ್ಲಿ ಇಂಥ ಸಂದರ್ಭ ಬಂದಾಗ ಮೂಲ ಕಾರಣ ಹುಡುಕುವುದು ನನ್ನ ಕೆಲಸ. ನಾನು ನಡುವೆ ಬಂದೆ. ‘ಸ್ವಂತ ಊರಲ್ಲೇ ಮನೆ ಬಿಟ್ಟು ಬರಬೇಕಾದ್ರೆ ಯಾರೋ ನೆಂಟರ ಕಾಟಾನೇ ಇರಬೇಕು. ಅಲ್ವಾ ಅಕ್ಕ?’ ಎಂದೆ. ಅಕ್ಕ ನೆಲ ನೋಡಿದರು. ‘ಹೇಳಿ, ಯಾರು ಅಂತ. ಸಂಕೋಚ ಬೇಡ. ಕೆಲವರಿಗೆ ಇನ್ನೊಬ್ಬರ ಮನೇಲಿ ಹೇಗಿರಬೇಕು ಅನ್ನೋದೇ ತಿಳಿಯಲ್ಲ. ನಾನು ಅವರ ಹತ್ರ ಮಾತಾಡ್ತೀನಿ.’

ಭಾವನಿಗೆ ಕೆಮ್ಮು ಹತ್ತಿತು. ಅಕ್ಕ ಸಾಂಬಾರಿನ ಬಟ್ಟಲನ್ನೇ ನೋಡುತ್ತಿದ್ದರು. ಪದ್ಮ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರುಮಾಡಿದಳು. ಅಕ್ಕನಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಗುತ್ತಾ ನಿಂತರು. ಇಲ್ಲಿ ನಗುವಂಥದ್ದೇನು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

‘ಶ್ರೀಕಂಠ, ನಿಮ್ಮನ್ನ ಕಂಡ್ರೆ ನನಗೆ ತುಂಬಾ ಗೌರವ ಕಣಪ್ಪಾ’ ಎಂದರು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. ‘ಆದ್ರೆ ನೀವು ಹೋದ್ಮೇಲೆ ನನಗೆ ಸಾಸಿವೆ ಡಬ್ಬಿ ಸಿಗೋಕೆ ಸಂಕ್ರಾಂತಿ ಬರಬೇಕು. ಆ ಉಪ್ಪಿನಕಾಯಿ ಜಾಡೀಗೆ ಚೀಟಿ ಅಂಟಿಸಿದ್ರಲ್ಲ, ನಮ್ಮತ್ತೆ ಕಡೆಯೋರು ಬಂದಾಗ ಅದನ್ನ ಓದಿ, ಇವಳು ಹಳೇದನ್ನ ಬಡಿಸ್ತಾಳೆ ಅಂತ ಕೈತೊಳ್ಕೊಂಡು ಎದ್ರು. ಒಂದು ದಸರಾ ಸುಮ್ಮನೆ ಕೂತ್ಕೊಂಡು ಯಾರೋ ಮಾಡಿದ್ದನ್ನ ತಿನ್ನೋಣಾ ಅನ್ನಿಸ್ತು. ಪದ್ದೂನ ಮಾತ್ರ ಕರೆಸ್ಕೊಳ್ಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಒಂದು ವಾರ ನಿದ್ದೆ ಬಂದಿಲ್ಲ ನನಗೆ.’ ಕೊನೆಯ ಮಾತು ಹೇಳುವಾಗ ಅವರು ನಗುತ್ತಿರಲಿಲ್ಲ. ಪದ್ಮ ಅವರ ಕೈ ಹಿಡಿದುಕೊಂಡಳು.

ನನ್ನ ಕಿವಿ ಬಿಸಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಆ ದೋಸೆಕಲ್ಲಿನ ಕೆಳಗೆ ನುಸುಳಿಕೊಳ್ಳೋಣ ಎನ್ನಿಸಿತು. ಮಾತು ಬದಲಿಸಬೇಕಲ್ಲ, ‘ಈ ಹೋಟೆಲ್ ನಿಮಗೆ ಹೇಗೆ ಗೊತ್ತಾಯ್ತು ಭಾವ?’ ಎಂದೆ.

ಭಾವನ ಮುಖ ಅರಳಿತು. ಜೇಬಿನಿಂದ ಫೋನ್ ತೆಗೆದರು. ಕಂಪನಿ ಬಸ್ಸಿನ ಗಡಗಡ ಶಬ್ದದ ನಡುವೆ ನನ್ನದೇ ಧ್ವನಿ: ಆಚೆ ದಡಕ್ಕೆ ಹೋಗು, ಮೂಲೆ ಮೇಜು ಹಿಡಿ, ಫೋನ್ ಆಫ್ ಮಾಡು. ‘ಎಷ್ಟು ಚೆನ್ನಾಗಿ ಹೇಳಿದ್ದೀರಿ ಅಂಡಿ! ಇಬ್ಬರೂ ಕೂತು ಮತ್ತೆ ಮತ್ತೆ ಕೇಳಿದೆವು. ಬೇರೆ ಊರಿನ ಹೆಸರು ಹೇಳಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಒಂದು ಮಾತೂ ಸುಳ್ಳಾಗಲಿಲ್ಲ, ನೋಡಿ. ಪೆಸರಟ್ಟು ಅದ್ಭುತ!’

ಓದುಗರೇ, ನಾನು ನೊಂದುಕೊಳ್ಳಬೇಕಾಗಿತ್ತು. ಪ್ರಯತ್ನವನ್ನೂ ಪಟ್ಟೆ. ಆದರೆ ಎದೆಯೊಳಗೆ ಉಬ್ಬುತ್ತಿದ್ದದ್ದು ಬೇರೆಯೇ. ಕುಟುಂಬದಲ್ಲಿ ಮೊದಲ ಬಾರಿಗೆ ನನ್ನ ಸಲಹೆಯನ್ನು ಅಕ್ಷರಶಃ ಪಾಲಿಸಿದವರು ಸಿಕ್ಕಿದ್ದರು! ನನ್ನಿಂದ ತಪ್ಪಿಸಿಕೊಳ್ಳುವುದಕ್ಕೂ ಅವರಿಗೆ ನನ್ನ ಸಲಹೆಯೇ ಬೇಕಾಯಿತು. ನಾನು ಆ ಮೇಜಿಗೆ ಇನ್ನೆರಡು ಕುರ್ಚಿ ಎಳೆದೆ.

ಅಂದೇ ಅಕ್ಕ ತಂಗಿ ಒಂದು ಕೋಣೆಗೆ ಸೇರಿಕೊಂಡರು, ನನ್ನನ್ನು ಭಾವನ ಜೊತೆ ಇನ್ನೊಂದಕ್ಕೆ ದಬ್ಬಿದರು. ಅವರಿಬ್ಬರೂ ಊರ ಹತ್ತಿರದ ಗುಹೆ ನೋಡಲಿಲ್ಲ, ನದಿಯ ನಡುವಿನ ದ್ವೀಪ ನೋಡಲಿಲ್ಲ, ಬ್ಯಾರೇಜನ್ನೂ ನೆಟ್ಟಗೆ ನೋಡಲಿಲ್ಲ. ಬಾಲ್ಕನಿಯಲ್ಲಿ ಕೂತು ಕನ್ನಡ ಮಾತಾಡಿದರು. ಇಷ್ಟು ಒಳ್ಳೆಯ ರಜೆ ತನ್ನ ಜೀವಮಾನದಲ್ಲೇ ಆಗಿರಲಿಲ್ಲವೆಂದು ಪದ್ಮ ಹೇಳುತ್ತಾಳೆ. ಯೋಜನೆ ಯಾರದ್ದು ಎಂದು ನಾನು ಕೇಳಲಿಲ್ಲ, ಅವಳಿಗೂ ಗೊತ್ತಿದೆ. ಭಾವನನ್ನು ನಾನು ಎಲ್ಲ ಕಡೆ ಸುತ್ತಿಸಿದೆ, ಅವರ ಚೀಲವನ್ನು ಮೊದಲಿಂದ ಜೋಡಿಸಿಕೊಟ್ಟೆ, ಅವರ ಬಿ.ಪಿ. ಮಾತ್ರೆಯ ಪಟ್ಟಿಗಳ ಮೇಲೆ ತಾರೀಖು ಬರೆದುಕೊಟ್ಟೆ. ಅವರೂ ನೋಡುತ್ತಾ ಮಾತೇ ಹೊರಡದೆ ನಿಂತಿದ್ದರು.

ಮುಂದಿನ ದಸರೆಗೆ ಅಕ್ಕ ಆಗಲೇ ಏರ್ಪಾಡು ಮಾಡಿಬಿಟ್ಟಿದ್ದಾರೆ: ಪದ್ಮ ಅವರ ಮನೆಗೆ, ಭಾವ ವಿಶಾಖಪಟ್ಟಣಕ್ಕೆ, ನನ್ನ ಜೊತೆಗೆ. ನಾನು ಋಷಿಕೊಂಡದಿಂದ ಹಿಡಿದು ಸಿಂಹಾಚಲದವರೆಗೆ ಭರ್ಜರಿ ಕಾರ್ಯಕ್ರಮ ಸಿದ್ಧ ಮಾಡಿದ್ದೆ. ನಿನ್ನೆ ಭಾವ ಫೋನ್ ಮಾಡಿ ಬಹಳ ಮರ್ಯಾದೆಯಿಂದ, ಆ ವಾರ ಶ್ರೀಶೈಲಕ್ಕೆ ಹೋಗುವುದಿದೆ ಅಂಡಿ, ಈ ಸಲ ನಿಜವಾಗಿಯೂ ಹರಕೆ, ಫೋನ್ ಆಫ್ ಇರುತ್ತದೆ ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಳ್ಳುವ ಶಿಷ್ಯ ಎಷ್ಟು ಜನಕ್ಕೆ ಸಿಗುತ್ತಾನೆ, ಹೇಳಿ?