ಕಾಕಾನ ಸಾರಾಂಶ, ಚಿಗವ್ವನ ಗಡಿಗೆ

ಬೇಸಾಯದ ಬಗ್ಗೆ ಜಗತ್ತಿನಲ್ಲಿ ಯಾರು ಏನೇ ಬರೆದಿರಲಿ, ನಮ್ಮ ಕಾಕಾನಿಗೆ ಎಲ್ಲವೂ ಗೊತ್ತು. ಆದರೆ ಮೊದಲಿನ ಒಂದು ಪ್ಯಾರಾ ಮಾತ್ರ! ಹತ್ತಿಯ ಹುಳುವಿನಿಂದ ಹಿಡಿದು ಎಮ್ಮೆಯ ಅಜೀರ್ಣದವರೆಗೆ ಯಾವ ವಿಷಯ ಎತ್ತಿದರೂ ಗಂಭೀರವಾಗಿ ಆರಂಭಿಸುತ್ತಾರೆ. ಕೇಳುವವರ ಕುತ್ತಿಗೆ ಕುತೂಹಲದಿಂದ ಮುಂದಕ್ಕೆ ಬಂದಿರುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುತ್ತಾರೆ. "ಮುಂದ?" ಎಂದರೆ, "ಮುಂದ ಬೀಗ ಹಾಕ್ಯಾರ" ಎನ್ನುತ್ತಾರೆ.

ಬೀಗದ ಸಂಗತಿ ಹೀಗಿದೆ. ಬೇಸಾಯ ಮತ್ತು ಜೀವವಿಜ್ಞಾನದ ಸಂಶೋಧನಾ ಲೇಖನಗಳದ್ದೊಂದು ದೊಡ್ಡ ಯಾದಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಬೇಕಾದ ಪದ ಒತ್ತಿದರೆ ಲೇಖನದ ಹೆಸರು, ಬರೆದವರ ವಿಳಾಸ, ಒಂದು ಪ್ಯಾರಾ ಸಾರಾಂಶ ಕಣ್ಣಿಗೆ ಬೀಳುತ್ತವೆ. ಪೂರ್ತಿ ಲೇಖನ ಬೇಕೆಂದರೆ ಮಾತ್ರ ಬೀಗದ ಚಿತ್ರ, ತೆಗೆಯಲು ಡಾಲರಿನಲ್ಲಿ ರೊಕ್ಕ. ಲಕ್ಷ್ಮೇಶ್ವರದ ತಮ್ಮ ಮನೆಯ ಪಡಸಾಲೆಯಲ್ಲಿ ಕಾಕಾ ನಾಲ್ಕು ವರ್ಷ ದಿನಾ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಈ ಯಾದಿಯ ಮುಂದೆ ಕೂರುತ್ತಿದ್ದರು. ದೇವರ ಪೂಜೆ ಆಮೇಲೆ. ದೇವರು ಎಲ್ಲಿಗೂ ಹೋಗುವುದಿಲ್ಲ, ಕರೆಂಟು ಹೋಗುತ್ತದೆ.

ಇಷ್ಟೆಲ್ಲ ತಪಸ್ಸು ಯಾತಕ್ಕೆ? ಒಂದು ಹಿಡಿ ಮಡಿಕೆ ಕಾಳಿಗೆ!

ಕಾಕಾ ಕೃಷಿ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ವಿಲೇವಾರಿಗೆ ಕಡತಗಳಿಲ್ಲದ ಕಾರಣ ಮನೆಯನ್ನೇ ವಿಲೇವಾರಿ ಮಾಡತೊಡಗಿದರು. ಅವರ ಹೆಂಡತಿ, ಅಂದರೆ ನಮ್ಮ ಚಿಗವ್ವ, ಮುಂಡರಗಿಯ ತಂಗಿಯ ಮನೆಗೆ ಎಂಟು ದಿನ ಹೋಗಿದ್ದಾಗ ಅಟ್ಟ ಹತ್ತಿದರು. ಅಲ್ಲೊಂದು ಗಡಿಗೆ, ಗಡಿಗೆಯ ತುಂಬ ಬೂದಿ, ಬೂದಿಯೊಳಗೆ ಮಡಿಕೆ ಕಾಳು, ಹೆಸರುಕಾಳಿನ ತಮ್ಮನಂಥದ್ದು. ಬಿತ್ತನೆಯ ಬೀಜ ಕಾಯುವುದು ನಮ್ಮ ಕಡೆ ಹೆಂಗಸರ ಇಲಾಖೆ. ಹುಳು ಹತ್ತದಂತೆ ಬೂದಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಗಂಡಸರು ಅದನ್ನು ಮುಟ್ಟುವುದಿಲ್ಲ. ಕೃಷಿ ಇಲಾಖೆಯಲ್ಲಿ ಅಷ್ಟು ವರ್ಷ ಇದ್ದವರಿಗೆ ಇಷ್ಟು ತಿಳಿಯಬಾರದೆ? ತಿಳಿಯಲಿಲ್ಲ. ಬೂದಿ ಕರಿಬೇವಿನ ಗಿಡದ ಬುಡ ಸೇರಿತು. ಕಾಳು ನೆನೆದು, ಮೊಳಕೆ ಒಡೆದು, ಉಸುಳಿಯಾಯಿತು. ಗಡಿಗೆ ತಿಕ್ಕಿಸಿಕೊಂಡು ಬೋರಲು ಬಿತ್ತು. ಆ ದಿನ ಗದಗಿನಿಂದ ಊಟಕ್ಕೆ ಬಂದಿದ್ದ ಅತಿಥಿ ನಾನು. ಸತ್ಯ ಮುಚ್ಚಿಡಬಾರದು, ಎರಡು ಸಲ ಹಾಕಿಸಿಕೊಂಡೆ.

ಸಂಜೆ ನಾನಿನ್ನೂ ಅಲ್ಲಿರುವಾಗಲೇ ಚಿಗವ್ವ ಮರಳಿ ಬಂದಳು.

"ಅಟ್ಟದ ಮ್ಯಾಲಿನ ಗಡಗಿ ಎಲ್ರಿ?"

"ತೊಳದ ಇಟ್ಟೇನಿ. ನೋಡು, ಹೆಂಗ ಫಳಫಳ ಹೊಳಿತೈತಿ!"

"ಒಳಗಿನ ಕಾಳು?"

ಕಾಕಾ ನನ್ನ ಹೊಟ್ಟೆಯ ಕಡೆ ನೋಡಿದರು.

ಅದು ಚಿಗವ್ವನ ಮದುವೆಯಲ್ಲಿ ಸೊರಟೂರಿನ ಅವಳ ತಾಯಿ ಉಡಿಯಲ್ಲಿ ಹಾಕಿ ಕಳಿಸಿದ ಬೀಜ. ಸಣ್ಣ ಕಾಳು, ಮೈಮೇಲೆ ಒಂದು ಕರಿ ಚುಕ್ಕೆ. ಪ್ರತಿ ವರ್ಷ ಹಿತ್ತಲಲ್ಲಿ ಬಿತ್ತಿ, ಬೆಳೆದು, ಮತ್ತೆ ಗಡಿಗೆ ತುಂಬಿಸುತ್ತ ಬಂದಿದ್ದಳು. ಆಕೆ ಬೈಯಬಹುದಿತ್ತು, ಅಳಬಹುದಿತ್ತು. ಎರಡೂ ಮಾಡಲಿಲ್ಲ. "ಆತು ಬಿಡ್ರಿ" ಎಂದಳು. ಅಟ್ಟದ ನಿಚ್ಚಣಿಕೆಯನ್ನು ತಾನೇ ಎತ್ತಿ ಒಯ್ದು ಹಿತ್ತಲಿನ ಗೋಡೆಗೆ ಆನಿಸಿ ಬಂದಳು. ಅಂದಿನಿಂದ ಕಾಕಾನಿಗೆ ಅಟ್ಟ ಬಂದ್.

ಸೊರಟೂರಿನಲ್ಲಿ ಮನೆಮನೆ ವಿಚಾರಿಸಿದ್ದಾಯಿತು. ಎಲ್ಲರಲ್ಲೂ ಪೇಟೆಯ ಬೀಜ. ಆಗ ಕಾಕಾನಿಗೆ ನೆನಪಾಯಿತು: ಎಷ್ಟೋ ವರ್ಷಗಳ ಹಿಂದೆ ಊರೂರಿನ ನಾಟಿ ಬೀಜ ಕೂಡಿಸುತ್ತ ಬಂದ ವಿಜ್ಞಾನಿಯೊಬ್ಬರನ್ನು ತಾವೇ ಮನೆಗೆ ಊಟಕ್ಕೆ ಕರೆತಂದಿದ್ದರು. ಚಿಗವ್ವ ಅವರಿಗೆ ಒಂದು ಬಟ್ಟಲು ಮಡಿಕೆ ಕಾಳು ಕೊಟ್ಟಿದ್ದಳು. ಅವರ ಹೆಸರು ಮರೆತಿದೆ. ಆದರೆ ಬೀಜ ಒಯ್ದವರು ಬರೆಯದೆ ಇದ್ದಾರೆಯೇ? ಬರೆದಿದ್ದರೆ ಯಾದಿಯಲ್ಲಿ ಸಿಗದೆ ಹೋದೀತೇ?

ಹುಡುಕಾಟ ಶುರುವಾಯಿತು. ಹುಡುಕುವ ಜಾಗದಲ್ಲಿ ಕಾಕಾ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದರು. ಇವರಿಗೆ, ಇವರಿಂದ, ಮಾನ್ಯರೇ, ವಿಷಯ: ಮಡಿಕೆ ಬೀಜ ಕಳೆದುಹೋದ ಕುರಿತು, ಕೊನೆಗೆ ತಮ್ಮ ವಿಶ್ವಾಸಿ. ಫಲಿತಾಂಶ ಸೊನ್ನೆ ಎಂದು ಬಂತು. ಅವರು ಎದೆಗುಂದಲಿಲ್ಲ. ಎಂಟು ದಿನ ಕಾದು ಅದೇ ಜಾಗದಲ್ಲಿ ಒಂದು ಜ್ಞಾಪನ ಪತ್ರ ಹಾಕಿದರು. ನಾನು ಹೋದಾಗ ಮೂರನೆಯ ಜ್ಞಾಪನ ಪತ್ರ ನಡೆದಿತ್ತು.

"ಉತ್ತರ ಬಂತೇನು ಕಾಕಾ?"

"ಕಡತ ಮ್ಯಾಲಿನ ಟೇಬಲ್ಲಿಗೆ ಹೋಗಿರಬೇಕು. ತಡಾ ಆಗ್ತೈತಿ."

"ಅಲ್ಲಿ ಯಾರೂ ಕುಂತಿಲ್ಲ. ಎರಡು ಪದ ಬರದ್ರ ಸಾಕು."

"ಮಾನ್ಯರೇ ಬ್ಯಾಡೇನು?"

"ಬ್ಯಾಡ."

"ಸಹಿ?"

"ಅದೂ ಬ್ಯಾಡ."

"ಎಂಥಾ ಮರ್ಯಾದಿಲ್ಲದ ಕಚೇರಿಲೇ ಇದು!"

ಆದರೂ ಕಲಿತರು. ಕಲಿತದ್ದು ನಮಗೆ ಭಾರವಾಯಿತು. ಯಾದಿಗೆ ಗಿಡಗಳ ಶಾಸ್ತ್ರೀಯ ಹೆಸರು ಪ್ರಿಯ ಎಂದು ತಿಳಿದ ಮೇಲೆ ಕಾಕಾ ಊರಭಾಷೆಯನ್ನು ಕೈಬಿಟ್ಟರು. ನಮ್ಮ ಮನೆಗೆ ಬಂದಿದ್ದಾಗ ಬೆಟಗೇರಿಯ ಸಂತೆಯಲ್ಲಿ ಒಬ್ಬ ಕಾಯಿಪಲ್ಯದ ಅಜ್ಜಿಯ ಮುಂದೆ ನಿಂತು, "ಸೋಲಾನಮ್ ಮೆಲೊಂಜೆನಾ ಐತೇನು?" ಎಂದು ಕೇಳಿದರು. ಅಜ್ಜಿ ತಕ್ಕಡಿ ಕೆಳಗಿಡದೆ, "ಅದು ಮುಂಜಾನೇನ ಖಾಲಿ ಆತ್ರಿ ಯಜಮಾನ್ರ. ಬದನಿಕಾಯಿ ಐತಿ, ಒಯ್ತೀರೇನು?" ಎಂದಳು. ಕಾಕಾ ಒಂದು ಕಿಲೋ ಒಯ್ದರು.

ಇನ್ನು ಪದಗಳ ನಡುವೆ ಆ್ಯಂಡ್, ಆರ್, ನಾಟ್ ಹಾಕಿದರೆ ಯಾದಿ ಚೊಕ್ಕಟವಾಗಿ ಉತ್ತರ ಕೊಡುತ್ತದೆಂದು ತಿಳಿಯಿತು. "ಊಟಕ್ಕ ಏನ ಮಾಡ್ಲಿ?" ಎಂದು ಚಿಗವ್ವ ಕೇಳಿದರೆ, "ರೊಟ್ಟಿ ಆ್ಯಂಡ್ ಪುಂಡಿಪಲ್ಯ ಆರ್ ಜುಣಕ, ನಾಟ್ ಉಪ್ಪಿಟ್ಟು" ಎನ್ನತೊಡಗಿದರು. ಚಿಗವ್ವ ಉಪ್ಪಿಟ್ಟು ಮಾಡಿದಳು. ಫಲಿತಾಂಶ ಇಷ್ಟೇ ಇದೆ ಎಂದು ತಟ್ಟೆ ಮುಂದಿಟ್ಟಳು.

ಕಾಕಾನ ವಿದ್ವತ್ತಿನ ಖಬರು ಹಬ್ಬಿ ಜನ ಸಲಹೆಗೂ ಬಂದರು. ಬಾಳೆಹೊಸೂರಿನ ರೈತರೊಬ್ಬರು ಮೆಣಸಿನ ಗಿಡದ ಎಲೆ ಮುದುರುತ್ತಿವೆ ಎಂದು ಬಂದರು. ಕಾಕಾ ಒಂದು ತಾಸು ಹುಡುಕಿ, ಕನ್ನಡಕ ಸರಿಪಡಿಸಿ ಸಾರಾಂಶ ಓದಿದರು: ಎಲೆ ಮುದುರುವುದು ಮೆಣಸಿನ ಬೆಳೆಗೆ ದೊಡ್ಡ ಸಮಸ್ಯೆ, ಇದರಿಂದ ಹಾನಿಯಾಗುತ್ತದೆ, ಹೆಚ್ಚಿನ ಅಧ್ಯಯನ ಅಗತ್ಯ. ಆ ರೈತರು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಅಲ್ರೀ ಯಜಮಾನ್ರ, ಇದನ್ನ ನಾನ ನಿಮಗ ಹೇಳಿದ್ದು!" ಎಂದು ಎದ್ದು ಹೋದರು.

ಶಿರಹಟ್ಟಿಯಿಂದ ನಮ್ಮ ತಂಗಿಯ ಮಗಳಿಗೊಂದು ವರ ಬಂದಾಗಲೂ ಹಿರಿಯರೆಂದು ಕಾಕಾನ ಅಭಿಪ್ರಾಯ ಕೇಳಿದೆವು. ಹುಡುಗನ ಎದುರಿಗೇ ಹೇಳಿದರು: "ಸಾರಾಂಶ ಚಲೋ ಐತಿ. ಪೂರ್ತಿ ಓದಲಾರದ ಏನೂ ಹೇಳಾಕ ಬರೂದಿಲ್ಲ." ಮದುವೆ ಆಯಿತು. ಹುಡುಗ ಮಾತ್ರ ಇಂದಿಗೂ ಕಾಕಾ ಬಂದರೆ ಹಿಂದಿನ ಬಾಗಿಲಿನಿಂದ ಹೊರಬೀಳುತ್ತಾನೆ.

ನಾವು ನಗುತ್ತಿದ್ದೆವು. ಕಾಕಾ ನಗುತ್ತಿರಲಿಲ್ಲ. ದಿನದ ಹುಡುಕಾಟ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತೂ ಸಿಗಲಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. ಚಿಗವ್ವ ರೊಟ್ಟಿ ಬಡಿಯುತ್ತಲೇ, "ಆತು ಬಿಡ್ರಿ" ಎನ್ನುತ್ತಿದ್ದಳು. ಆ ಮಾತು ಕೇಳಿದ ಮರುದಿನ ಅವರು ಇನ್ನೊಂದು ತಾಸು ಹೆಚ್ಚು ಹುಡುಕುತ್ತಿದ್ದರು.

ಹೋದ ವರ್ಷ ಮಳೆಗಾಲಕ್ಕೆ ಮೊದಲು ನನಗೆ ಫೋನು ಬಂತು. "ತಮ್ಮಾ, ಜಲ್ದಿ ಬಾ." ಹೋಗಿ ನೋಡಿದರೆ ಪರದೆಯ ಮೇಲೆ ಒಂದು ಸಾರಾಂಶ. ಗದಗಿನ ಸುತ್ತಲಿನ ಹಳ್ಳಿಗಳಲ್ಲಿ ಕೂಡಿಸಿದ ನಾಟಿ ಮಡಿಕೆ ಕಾಳಿನ ಬಗ್ಗೆ. ಯಾವ ಹಳ್ಳಿ? ಅದು ಒಳಗಿದೆ. ಒಳಗೆ ಬೀಗ.

ಕಾಕಾ ಬರೆದವರ ಇ-ಮೇಲ್ ವಿಳಾಸಕ್ಕೆ ಒಂದು ಪತ್ರ ಒತ್ತಿ ಕಳಿಸಿದರು. ಇವರಿಗೆ, ಇವರಿಂದ, ಮಾನ್ಯರೇ, ವಿಷಯ, ತಮ್ಮ ವಿಶ್ವಾಸಿ. ಯಾವುದನ್ನೂ ಬಿಡಲಿಲ್ಲ. ಗಡಿಗೆ ತೊಳೆದದ್ದನ್ನು ಕಾಲಂ ಹಾಕಿ ತಪ್ಪೊಪ್ಪಿಗೆಯಂತೆ ಬರೆದರು. ಉಸುಳಿ ತಿಂದವರ ವಿವರದಲ್ಲಿ ನನ್ನ ಹೆಸರೂ ಇತ್ತು. ನಾನು ಮನಸ್ಸಿನಲ್ಲೇ ನಕ್ಕೆ.

ಮೂರೇ ದಿನದಲ್ಲಿ ಉತ್ತರ ಬಂತು! ಊಟಕ್ಕೆ ಬಂದಿದ್ದ ವಿಜ್ಞಾನಿಯ ಶಿಷ್ಯೆ ಬರೆದಿದ್ದರು. ಇಷ್ಟು ಕ್ರಮಬದ್ಧ ಅರ್ಜಿಯನ್ನು ತಿರಸ್ಕರಿಸಲು ಕಾರಣ ಸಿಗಲಿಲ್ಲವಂತೆ. ಜೊತೆಗೆ ಪೂರ್ತಿ ಲೇಖನ, ಬೀಗ ತೆಗೆದು. ಕೊನೆಯ ಪುಟದ ಕೋಷ್ಟಕದಲ್ಲಿ ಒಂದು ಸಾಲು: ಸೊರಟೂರು ಮೂಲ, ಸಣ್ಣ ಕಾಳು, ಕರಿ ಚುಕ್ಕೆ. ಬೀಜ ಶೀತಲ ಕೋಣೆಯಲ್ಲಿ ಇನ್ನೂ ಜೀವದಿಂದಿದೆ, ಒಂದಿಷ್ಟು ಕಳಿಸುತ್ತೇವೆ ಎಂದಿದ್ದರು.

ಬಂದದ್ದು ಒಂದು ಚಿಕ್ಕ ಕಾಗದದ ಪಾಕೀಟು. ಚಿಗವ್ವ ಕಾಳುಗಳನ್ನು ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಒಯ್ದಳು.

"ಅವ ಹೌದಿಲ್ಲೋ? ಕೋಷ್ಟಕದಾಗ ಕರಿ ಚುಕ್ಕಿ ಅಂತ..."

"ನಿಮ್ಮ ಕೋಷ್ಟಕ ಬಾಜೂಕ ಇಡ್ರಿ" ಎಂದಳು ಚಿಗವ್ವ. ಬೆರಳಿನಿಂದ ಒಂದೊಂದೇ ಕಾಳು ಹೊರಳಿಸಿದಳು. "ನಮ್ಮವ್ವನ ಕಾಳು" ಎಂದಳು. ಆ ದಿನವೇ ಹಿತ್ತಲು ಹದ ಮಾಡತೊಡಗಿದಳು.

ಬಳ್ಳಿ ಹಬ್ಬಿತು, ಕಾಯಿ ಒಣಗಿತು, ಕಾಳು ಗಡಿಗೆಯ ಕಾಲುಭಾಗ ಆಯಿತು. ಬೀಜ ತುಂಬುವ ದಿನ ನಾನೂ ಇದ್ದೆ. ನನಗೆ ಉಸುಳಿ ಇರಲಿಲ್ಲ. ಚಿಗವ್ವ ಕಾಳಿಗೆ ಬೂದಿ ಬೆರೆಸಿದಳು, ಗಡಿಗೆಯ ಬಾಯಿಗೆ ಎರಡು ಪದರು ಬಟ್ಟೆ ಹಾಕಿ ಬಿಗಿದು ಕಟ್ಟಿದಳು. ಹಿತ್ತಲಿನಿಂದ ನಿಚ್ಚಣಿಕೆ ತರಲು ನನಗೆ ಹೇಳಿದಳು. ಆಮೇಲೆ ಗಡಿಗೆಯನ್ನು ಎತ್ತಿ, ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ ಕಾಕಾನ ಕೈಯಲ್ಲಿ ಇಟ್ಟಳು.

"ಅಟ್ಟದ ಮ್ಯಾಲ ನೀವ ಇಡ್ರಿ."

"ನಾನ?"

"ಹೂಂ, ನೀವ. ಸಾವಕಾಶ ಹತ್ರಿ."

ಕಾಕಾ ಹತ್ತಿದರು. ಚಿಗವ್ವ ಎರಡೂ ಕೈಯಿಂದ ನಿಚ್ಚಣಿಕೆ ಹಿಡಿದು ನಿಂತಳು. ಗಡಿಗೆ ಇಟ್ಟ ಸಪ್ಪಳ ಕೇಳಿತು. ಆದರೆ ಕಾಕಾ ಇಳಿಯಲಿಲ್ಲ.

"ಇಳೀರಿ, ಏನ ಮಾಡ್ತೀರಿ ಮ್ಯಾಲ?"

"ಸ್ವಲ್ಪ ತಡಿ. ಕಣ್ಣಾಗ ಬೂದಿ ಬಿದ್ದೈತಿ."

ಎರಡು ಪದರು ಬಟ್ಟೆ ಕಟ್ಟಿದ ಗಡಿಗೆಯಿಂದ ಬೂದಿ ಹೇಗೆ ಬಿತ್ತು? ನಾಲ್ಕು ವರ್ಷ ದಿನಾ ಆಧಾರ ಹುಡುಕಿದ ಮನುಷ್ಯನನ್ನು ಅಂದು ನಾನೂ ಕೇಳಲಿಲ್ಲ, ಚಿಗವ್ವನೂ ಕೇಳಲಿಲ್ಲ. ಅವರು ಇಳಿಯುವವರೆಗೆ ಆಕೆ ನಿಚ್ಚಣಿಕೆ ಬಿಡಲಿಲ್ಲ.