ಇಲಿಗೆ ಕೊಟ್ಟ ಗ್ರೇಸ್ ಮಾರ್ಕು

ಪರೀಕ್ಷೆ ಪೇಪರು ತಿದ್ದಿದ ಕೈಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಮೂವತ್ತೆರಡು ಅಂಕದ ಪೇಪರನ್ನು ಅದು ಹಾಗೇ ಮಡಚಿಡುವುದಿಲ್ಲ. ಒಂದು ಚಿತ್ರಕ್ಕೆ ಅರ್ಧ, ಒಂದು ಹೆಸರಿಗೆ ಇನ್ನರ್ಧ ಅಂತ ಹುಡುಕಿ ಹುಡುಕಿ ಮೂವತ್ತೈದು ಮುಟ್ಟಿಸಿಯೇ ಬಿಡುತ್ತದೆ. ಮೈಸೂರಿನ ಹೈಸ್ಕೂಲೊಂದರಲ್ಲಿ ಒಂಬತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು ಈ ಚಾಳಿಯನ್ನು ಸಿಯಾಟಲ್‌ಗೂ ಹೊತ್ತು ತಂದೆ. ಏರ್‌ಪೋರ್ಟಿನ ತಪಾಸಣೆಯವರು ನನ್ನ ಕರಿಬೇವನ್ನು ಕಿತ್ತುಕೊಂಡರು, ಚಾಳಿಯನ್ನು ಬಿಟ್ಟರು. ಉಲ್ಟಾ ಮಾಡಿದ್ದರೆ ಒಳ್ಳೆಯದಿತ್ತು.

ಮಗಳು ವಿದ್ಯಾ ಕಾಲೇಜಿಗೆ ಹೋದ ಮೇಲೆ ಸಿಯಾಟಲ್ ಪಕ್ಕದ ಮಿಲ್ ಕ್ರೀಕಿನ ಮನೆಯಲ್ಲಿ ಕಾರ್ಪೆಟ್ ನೋಡಿಕೊಂಡು ಕೂರಲಾರದೆ, ಸಣ್ಣದೊಂದು ಕೋರ್ಸು ಮುಗಿಸಿ ಮೆದುಳಿನ ಲ್ಯಾಬೊಂದಕ್ಕೆ ಸೇರಿದೆ. ಕೆಲಸವೆಂದರೆ ಎಣಿಸುವುದು ಮತ್ತು ಅಳೆಯುವುದು. ಇಲಿಯ ನರಕೋಶದ ಕೊಂಬೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಪುಟ್ಟ ಪುಟ್ಟ ಮುಳ್ಳುಗಳು. ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವುದು ಈ ಮುಳ್ಳುಗಳಲ್ಲೇ. ಆರೋಗ್ಯವಾಗಿರುವ ಇಲಿಯಲ್ಲಿ ಅವು ಗಿಡ್ಡಗೆ, ದುಂಡು ತಲೆಯವು, ಅಣಬೆಯ ಹಾಗೆ. ಫ್ರಜೈಲ್ ಎಕ್ಸ್ ಎಂಬ ಕಾಯಿಲೆಯ ಇಲಿಯಲ್ಲಿ ಉದ್ದಕ್ಕೆ, ಸಪೂರಕ್ಕೆ, ಬಟ್ಟೆಯಲ್ಲಿ ಕಟ್ಟಿ ಮರೆತ ಹೆಸರುಕಾಳಿನ ಮೊಳಕೆಯ ಹಾಗೆ, ಸಂಖ್ಯೆಯೂ ಹೆಚ್ಚು. ಬೆಳೆಯುವುದನ್ನು ಅರ್ಧದಲ್ಲೇ ಬಿಟ್ಟಂತೆ ಕಾಣುತ್ತವೆ. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಬುದ್ಧಿಯ ಬೆಳವಣಿಗೆ ನಿಧಾನವಾಗುತ್ತದೆ. ತಾಯಿಗೆ ಏನೂ ಇಲ್ಲದಂತೆ ಕಂಡರೂ ಅವಳಿಂದ ಮಕ್ಕಳಿಗೆ ಸದ್ದಿಲ್ಲದೆ ಇಳಿಯಬಹುದು. ಎಣಿಸುವ ಹುಚ್ಚು ಎಷ್ಟು ಹತ್ತಿತೆಂದರೆ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ತುಟಿ ಅಲ್ಲಾಡುತ್ತಿತ್ತು. "ಸಾರು ಇವತ್ತೇ ಬರುತ್ತಾ, ಇಲ್ಲಾ ಜರ್ನಲ್‌ನಲ್ಲಿ ಪಬ್ಲಿಷ್ ಆದ್ಮೇಲಾ?" ಅಂತ ನಮ್ಮ ಯಜಮಾನರು ತಟ್ಟೆ ಬಡಿಯುತ್ತಿದ್ದರು.

ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಗಾಜಿನ ಸ್ಲೈಡಿನ ಮೇಲೆ ಬರೀ ಒಂದು ನಂಬರ್ ಇರುತ್ತದೆ. ಅದು ಕಾಯಿಲೆಯ ಇಲಿಯದೋ ಅಲ್ಲವೋ ಎಂದು ಎಣಿಸುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ಲೆಕ್ಕದಲ್ಲಿ ಕೈಯಾಡಿಸುತ್ತದೆ. ಆದರೆ ದಿನಾ ಅದನ್ನೇ ನೋಡುವವಳಿಗೆ ಗುರುತು ಸಿಗದೆ ಇರುತ್ತದೆಯೇ? ಸಪೂರ ಮೊಳಕೆಗಳು ಕಂಡ ಕೂಡಲೇ 'ಪಾಪ, ಇದು ಆ ಮಗು' ಅನ್ನಿಸುತ್ತಿತ್ತು. ಅಳತೆಯ ಗೆರೆ ಎಳೆಯುವಾಗ, ಮುಳ್ಳಿನ ತುದಿ ಇಲ್ಲೋ ಅಲ್ಲೋ ಎಂಬ ಅನುಮಾನವಿದ್ದರೆ, ಇಲ್ಲೇ ಇರಲಿ ಎಂದು ಕೂದಲೆಳೆಯಷ್ಟು ಹಿಂದೆ ನಿಲ್ಲಿಸುತ್ತಿದ್ದೆ. ಒಂದೊಂದು ಮುಳ್ಳಿಗೂ ಅರ್ಧರ್ಧ ಅಂಕ.

ಅದೇ ಸ್ಲೈಡುಗಳನ್ನು ಇನ್ನೊಬ್ಬರೂ ಅಳೆದಿದ್ದರು. ನಮ್ಮ ಲ್ಯಾಬಿನ ಮುಖ್ಯಸ್ಥೆ ಕ್ಯಾರಲ್ ಒಂದು ಮಧ್ಯಾಹ್ನ ಎರಡೂ ಹಾಳೆ ಹಿಡಿದು ನನ್ನ ಪಕ್ಕ ಸ್ಟೂಲ್ ಎಳೆದು ಕೂತಳು.

"ನಿನ್ನ ಲೆಕ್ಕದಲ್ಲಿ ಎಲ್ಲ ಮುಳ್ಳೂ ಇನ್ನೊಬ್ಬರ ಅಳತೆಗಿಂತ ಗಿಡ್ಡ. ಅದೂ ಕಾಯಿಲೆಯ ಇಲಿಗಳದ್ದು ಮಾತ್ರ."

"ಯಾವ ನಂಬರು ಯಾವ ಇಲಿಯದೆಂದು ನನಗೆ ಗೊತ್ತಿರಲಿಲ್ಲ," ಅಂದೆ.

"ಗೊತ್ತಿರಲಿಲ್ಲ, ಆದರೆ ಗುರುತು ಹಿಡಿದೆ." ಅವಳು ಕನ್ನಡಕ ತೆಗೆದು ನಕ್ಕಳು. "ಯಾಕೆ, ಫೇಲಾದರೆ ಇಲಿಗೆ ಮನೆಯಲ್ಲಿ ಹೊಡೀತಾರಾ?"

ಅವಳು ತಮಾಷೆಗೆ ಅಂದಿದ್ದು. ಆದರೆ ನಮ್ಮ ಮನೆಯಲ್ಲಿ ಹೊಡೆಯುತ್ತಿದ್ದರು.

ನನ್ನ ತಮ್ಮ ಸೀನು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಉದ್ದ ಮುಖ, ದೊಡ್ಡ ಕಿವಿ. ಯಾರ ಕಣ್ಣನ್ನೂ ನೋಡಿ ಮಾತಾಡನು. ಖುಷಿಯಾದರೆ ಎರಡೂ ಕೈ ಪಟಪಟ ಆಡಿಸುವನು. "ಅಕ್ಕ, ಬಸ್ ಬಂತಾ?" ಅಂತ ಮುಂಜಾನೆ ಕೇಳಿದ್ದನ್ನೇ ಸಂಜೆವರೆಗೂ ಕೇಳುವನು. ಅಪ್ಪ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರರ ಮಗ ದಡ್ಡ ಎನ್ನಿಸಿಕೊಳ್ಳಬಾರದೆಂದು ನಾಲ್ಕು ಸಲ ಎಸ್ಸೆಸ್ಸೆಲ್ಸಿಗೆ ಕೂರಿಸಿದರು, ನಾಲ್ಕು ಸಲವೂ ಬೆತ್ತ ಮುರಿದರು. ಅಮ್ಮ ಬಂದವರಿಗೆಲ್ಲ, ಚಿಕ್ಕಂದಿನಲ್ಲಿ ಜ್ವರ ತಲೆಗೇರಿತ್ತು ಎನ್ನುತ್ತಿದ್ದಳು. ನಲವತ್ತು ದಾಟುವ ಮೊದಲೇ ಕಾಮಾಲೆಯಾಗಿ ಹೋದ. ಅವನು ಹೋಗಿ ಎಷ್ಟೋ ವರ್ಷದ ಮೇಲೆ ಲ್ಯಾಬಿನ ಗೋಡೆಗೆ ಹೊಸದಾಗಿ ಅಂಟಿಸಿದ್ದ ಈ ಕಾಯಿಲೆಯ ಲಕ್ಷಣಗಳ ಪಟ್ಟಿ ಓದಿದೆ. ಉದ್ದ ಮುಖ, ದೊಡ್ಡ ಕಿವಿ, ಆಡಿದ್ದನ್ನೇ ಆಡುವುದು. ಯಾರೋ ಸೀನುವನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದ ಹಾಗಿತ್ತು.

ಇದನ್ನೆಲ್ಲ ಕ್ಯಾರಲ್‌ಗೆ ಹೇಳಿದೆ. ಅವಳು ಹಾಳೆಯ ಅಂಚು ಮಡಚುತ್ತ, "ನಿನಗೊಬ್ಬ ಮಗಳಿದ್ದಾಳಲ್ಲ. ಅವಳಿಗೆ ಹೇಳಿದೀಯಾ?" ಅಂದಳು.

ಹೇಳಿರಲಿಲ್ಲ. ಪಟ್ಟಿ ಓದಿ ಒಂದು ವರ್ಷವಾಗಿತ್ತು. ಸೀನುವಿಗೆ ಬಂದದ್ದು ಅಮ್ಮನಿಂದ ನನಗೂ, ನನ್ನಿಂದ ವಿದ್ಯಾಳಿಗೂ ಇಳಿದಿರಬಹುದು, ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ ಎಂದು ಗೊತ್ತಿದ್ದೂ ಹೇಳಿರಲಿಲ್ಲ. ಮೊದಲು ಅವಳ ಮದುವೆ ಆಗಿಬಿಡಲಿ ಅಂದುಕೊಂಡೆ. ಆಮೇಲೆ ಅವಳ ಪ್ರಾಜೆಕ್ಟ್ ರಿಲೀಸ್ ಇತ್ತು. ಆಮೇಲೆ ದೀಪಾವಳಿ ಬಂತು, ಹಬ್ಬದ ದಿನ ಬೇಡ. ಆಮೇಲೆ ಫೋರ್-ಓ-ಫೈವ್ ಹೆದ್ದಾರಿಯಲ್ಲಿ ಟ್ರಾಫಿಕ್ಕು. ಅಷ್ಟು ದೊಡ್ಡ ವಿಷಯವನ್ನು ಟ್ರಾಫಿಕ್ಕಿನ ನೆಪ ಹೇಳಿ ಮುಂದೂಡಿದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಕ್ಯಾರಲ್ ನನ್ನ ಮೂರು ತಿಂಗಳ ಲೆಕ್ಕವನ್ನು ಬದಿಗಿಟ್ಟು ಎಲ್ಲವನ್ನೂ ಬೇರೆಯವರಿಂದ ಅಳೆಸಿದಳು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ನಾನು ಆ ಶನಿವಾರ ಬೆಲ್ವ್ಯೂನಲ್ಲಿದ್ದ ವಿದ್ಯಾಳ ಅಪಾರ್ಟ್‌ಮೆಂಟಿಗೆ ಹೋದೆ. ಅಳಿಯ ಜಿಮ್ಮಿಗೆ ಹೋಗಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದೆ.

"ಸೀನು ಮಾಮಂಗೆ? ಯು ಸೆಡ್ ಇಟ್ ವಾಸ್ ಎ ಫೀವರ್."

"ನಮ್ಮಮ್ಮ ಹಾಗೆ ಹೇಳ್ತಿದ್ರು ಪುಟ್ಟ."

"ಆಂಡ್ ಯು?"

"ನಾನೂ ಹಾಗೇ ಹೇಳ್ಕೊಂಡು ಬಂದೆ."

ಅವಳು ತೊಳೆದಿಟ್ಟ ಲೋಟವನ್ನೇ ಮತ್ತೆ ತೆಗೆದು ತೊಳೆದಳು. "ವೆನ್ ಡಿಡ್ ಯು ಫೈಂಡ್ ಔಟ್?"

"ಹೋದ ವರ್ಷ."

ನಲ್ಲಿ ನಿಲ್ಲಿಸಿದಳು. "ವಿ ಸ್ಟಾರ್ಟೆಡ್ ಟ್ರೈಯಿಂಗ್ ಫಾರ್ ಎ ಬೇಬಿ ಇನ್ ಮಾರ್ಚ್, ಅಮ್ಮ."

ಮಾರ್ಚ್‌ನಿಂದ ಎಷ್ಟು ತಿಂಗಳಾಯಿತು ಎಂದು ನನ್ನ ತುಟಿ ತಾನಾಗಿ ಅಲ್ಲಾಡಿತು. ಅವಳು ಅದನ್ನೂ ನೋಡಿ ಸಿಂಕಿನ ಕಡೆ ತಿರುಗಿಕೊಂಡಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ, ಬೆನ್ನು ನನ್ನ ಕಡೆಗಿತ್ತು. ಕೈ ಒರೆಸಿಕೊಂಡು ಬಂದವಳು ಕೇಳಿದ್ದು ಬೇರೆ. "ವಾಸ್ ಹಿ ನೈಸ್ ಟು ಯು?"

"ನಾನು ಸ್ಕೂಲಿಂದ ಬರೋವರೆಗೂ ಗೇಟ್ ಹತ್ರ ನಿಂತಿರ್ತಿದ್ದ," ಅಂದೆ.

ಮರುವಾರ ಇಬ್ಬರೂ ರಕ್ತ ಕೊಡಲು ಕ್ಲಿನಿಕ್ಕಿಗೆ ಹೋದೆವು. ಕೌಂಟರಿನಲ್ಲಿ ನನಗೊಂದು ಫಾರಂ ಕೊಟ್ಟರು. ಕುಟುಂಬದಲ್ಲಿ ಯಾರಿಗಿತ್ತು ಎಂಬಲ್ಲಿ 'ಶ್ರೀನಿವಾಸ, ತಮ್ಮ' ಎಂದು ಇಂಗ್ಲಿಷಿನಲ್ಲಿ ಬರೆದೆ. ಅವನ ಹೆಸರಿನ ಮುಂದೆ ಕಾಯಿಲೆಯ ಹೆಸರನ್ನೂ ಬರೆದೆ. ಕೆಳಗೆ, ಈ ವಿಷಯ ನಿಮಗೆ ಯಾವಾಗ ತಿಳಿಯಿತು ಎಂದಿತ್ತು. 'ಇತ್ತೀಚೆಗೆ' ಎಂದು ತುಂಬಿದೆ.

ಪಕ್ಕದಲ್ಲಿ ಕೂತಿದ್ದ ವಿದ್ಯಾ ನನ್ನ ಬೆರಳ ಸಂದಿನಿಂದ ಪೆನ್ ತೆಗೆದುಕೊಂಡು, ಆ ಪದಕ್ಕೆ ಒಂದು ಗೆರೆ ಎಳೆದು, 'ಒಂದು ವರ್ಷದ ಹಿಂದೆ' ಎಂದು ಬರೆದಳು. ಆಮೇಲೆ ಸಹಿ ಮಾಡಲು ಪೆನ್ನನ್ನು ನನಗೇ ವಾಪಸ್ ಕೊಟ್ಟಳು.